ಕೊಠಡಿ ಖಾಲಿ ಇತ್ತು, ನಿಜ

ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳ ಶಿಕ್ಷಣ ಇಲಾಖೆ ಅಧಿಕಾರಿಗಳಿಗೆ, ಹಾಗೇ ನಮ್ಮೂರುಗಳ ಪಾಲಕರಿಗೆ,

ನಮಸ್ಕಾರ.

ನಾನು ಒಬ್ಬ ನಿವೃತ್ತ ಅಕ್ಕೋರು, ಅಂದರೆ ಶಾಲಾ ಶಿಕ್ಷಕಿ. 1994ರಲ್ಲಿ ಶಿರಸಿ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಆಮೇಲೆ ಘಟ್ಟ ಇಳಿದು ಕುಮಟಾ ಕಡೆಗೆ ಬಂದೆ. ಅಘನಾಶಿನಿ ದಡದ ಒಂದು ಶಾಲೆಯಲ್ಲಿ ಕೆಲಸ ಮುಗಿಸಿದೆ. ಈ ಪತ್ರ ಬರೆಯಲು ಕಾರಣ ಒಂದು ನೋಟಿಸ್. ಅದು ಇನ್ನೂ ನನ್ನ ಟ್ರಂಕಿನಲ್ಲಿದೆ.

‘ಶಾಲಾ ಅವಧಿಯಲ್ಲಿ ತರಗತಿ ಕೊಠಡಿ ಖಾಲಿ ಇರುವುದು ಕಂಡುಬಂದಿದ್ದು, ಈ ಬಗ್ಗೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’

ಕೊಠಡಿ ಖಾಲಿ ಇತ್ತು, ನಿಜ. ಹತ್ತೊಂಬತ್ತು ಮಕ್ಕಳು, ನಾನು, ಒಬ್ಬ ಮಗುವಿನ ಅಪ್ಪ ಅಲ್ಲಿಂದ ಇನ್ನೂರು ಹೆಜ್ಜೆ ದೂರದ ಗಜನಿ ಕಟ್ಟೆಯ ಮೇಲೆ ಇದ್ದೆವು. ಬಂದ ಸಾಹೇಬರು ಬಾಗಿಲಲ್ಲಿ ಇಣುಕಿ, ಫೋಟೊ ತೆಗೆದುಕೊಂಡು ಹೋಗಿದ್ದರು. ಬೋರ್ಡ್ ಮೇಲೆ ನಾನು ದೊಡ್ಡ ಅಕ್ಷರದಲ್ಲಿ ಬರೆದಿದ್ದೆ: ‘ಭರತ ನೋಡಲು ಕಟ್ಟೆಗೆ ಹೋಗಿದ್ದೇವೆ. 11 ಗಂಟೆಗೆ ಬರುತ್ತೇವೆ.’ ಅದೂ ಫೋಟೊದಲ್ಲಿ ಬಂದಿರಬೇಕು. ಭರತ ಅಂದರೆ ಸಮುದ್ರದ ನೀರು ಏರಿ ಬರುವುದು.

ಮೂರು ಸಾಲಿನ ಸಮಜಾಯಿಷಿ ಬರೆದುಕೊಟ್ಟೆ. ಮುಂದೆ ಏನೂ ಆಗಲಿಲ್ಲ. ಆದರೆ ಆ ಮೂರು ಸಾಲು ನನಗೇ ಸಾಲಲಿಲ್ಲ. ಈಗ ಸರ್ವಿಸ್ ರಿಜಿಸ್ಟರ್ ಭಯ ಇಲ್ಲ. ಪೂರ್ತಿ ಉತ್ತರ ಬರೆಯುತ್ತಿದ್ದೇನೆ.

ಅವತ್ತು ಕಟ್ಟೆ ಮೇಲೆ ಏನು ನಡೆಯುತ್ತಿತ್ತು ಅಂತ ಮೊದಲು ಹೇಳುತ್ತೇನೆ. ಗಜನಿ ಅಂದರೆ ಗೊತ್ತಲ್ಲ, ಹೊಳೆ ಮತ್ತು ಸಮುದ್ರ ಕೂಡುವಲ್ಲಿನ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪುನೀರನ್ನೂ ತಡೆದುಕೊಳ್ಳುವ ತಳಿ. ಕೊಯ್ಲು ಆದಮೇಲೆ ನೀರು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಆ ಕಟ್ಟೆಯ ಹೊರಬದಿಗೆ ಒಂದು ಬಿದಿರು ಗಳ ನೆಟ್ಟಿದ್ದೆವು. ಗೇಣಿಗೊಂದು ಗೆರೆ, ಶಾಲೆಗೆ ಬಣ್ಣ ಹೊಡೆದು ಉಳಿದ ನೀಲಿ ಪೇಂಟಿನಲ್ಲಿ. ನೆಟ್ಟವರು ಆ ಅಪ್ಪನೇ. ಮಕ್ಕಳ ಕೆಲಸ ಕಟ್ಟೆ ಮೇಲೆ ಕೂತು ನೀರು ಯಾವ ಗೆರೆಗೆ ಬಂತು, ಎಷ್ಟು ಹೊತ್ತಿಗೆ ಬಂತು ಅಂತ ಬರೆದುಕೊಳ್ಳುವುದು. ಯಾರೂ ನೀರಿಗೆ ಇಳಿಯಲಿಲ್ಲ.

ಆ ಸೋಮವಾರ 10.20ಕ್ಕೆ ನೀರು ಏರುವುದು ನಿಂತಿತು. ‘ನಾಳೆ ಎಷ್ಟು ಹೊತ್ತಿಗೆ?’ ಅಂತ ಕೇಳಿದೆ. ಚೆನ್ನಾಗಿ ಓದುವ ಹುಡುಗಿಯರು 10.20 ಅಂದರು. ನಾಲ್ಕನೇ ತರಗತಿಯ ಒಬ್ಬ ಹುಡುಗ ಬಾಯಿ ತೆಗೆದ. ನನ್ನ ದಾಖಲೆಯಲ್ಲಿ ಅವನು ಓದು ಬರಹ ಎರಡರಲ್ಲೂ ಹಿಂದೆ. ‘ನಾಳೆ ಅಮಾಸೆ ಅಲ್ವಾ ಅಕ್ಕೋರೆ, ನೀರು ಇನ್ನೂ ಸ್ವಲ್ಪ ಏರ್ತದೆ. ಹೊತ್ತೂ ತಡ ಆಗ್ತದೆ.’ ಎಷ್ಟು ತಡ? ‘ಎರಡು ಗಳಿಗೆ ಅಂತಾನೆ ಅಜ್ಜ.’

ಒಂದು ಗಳಿಗೆ ಅಂದರೆ 24 ನಿಮಿಷ. ಎರಡು ಗಳಿಗೆಗೆ 48. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಅಂತ ನಾನು ಹಿಂದಿನ ರಾತ್ರಿ ಓದಿಕೊಂಡು ಬಂದಿದ್ದೆ. ಹುಡುಗನಿಗೆ ಅದು ಅಜ್ಜನ ದೋಣಿಯಲ್ಲೇ ಸಿಕ್ಕಿತ್ತು. ಟಿಸಿಎಚ್ ಅನ್ನುವ ಶಿಕ್ಷಕರ ತರಬೇತಿಯಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಶುರುವಾಯಿತು ಲೆಕ್ಕ. 10.20ಕ್ಕೆ 48 ಕೂಡಿಸಿದರೆ 10.68, ಅಂಥ ಗಡಿಯಾರ ಎಲ್ಲಿದೆ ಅಕ್ಕೋರೆ ಅಂತ ಒಬ್ಬಳು ನಕ್ಕಳು. ಗಂಟೆ, ನಿಮಿಷದ ಕೂಡುವ ಲೆಕ್ಕವನ್ನು ನಾನು ಎಷ್ಟು ವರ್ಷ ಬೋರ್ಡ್ ಮೇಲೆ ಹೇಳಿಕೊಟ್ಟಿದ್ದೇನೋ. ಅರವತ್ತಕ್ಕೆ ಯಾಕೆ ದಶಕ ತೆಗೆದುಕೊಳ್ಳಬೇಕು ಅನ್ನೋದು ಅವತ್ತಿನಷ್ಟು ಸಲೀಸಾಗಿ ಯಾವತ್ತೂ ಅರ್ಥವಾಗಿರಲಿಲ್ಲ. ಮಂಗಳವಾರ 11.08, ಬುಧವಾರ 11.56, ಗುರುವಾರ 12.44. ಬುಧವಾರದವರೆಗೆ ಹೆಚ್ಚುಕಡಿಮೆ ಸರಿ ಬಂತು. ಗುರುವಾರ ಹತ್ತು ನಿಮಿಷ ತಪ್ಪಿತು. ತಪ್ಪಿದ್ದು ನನ್ನ ವಾಚೋ ಸಮುದ್ರವೋ ಅಂತ ಊಟದ ಸಾಲಿನಲ್ಲೂ ಜಗಳ.

ಕೊಠಡಿಗೆ ಬಂದಮೇಲೆ ಎಲ್ಲರೂ ಎರಡೆರಡು ಸಾಲು ಬರೆಯಬೇಕಿತ್ತು. ಆ ಹುಡುಗ ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಕೇಳಿದ: ‘ಭರತ ಬರೀಲಿಕ್ಕೆ ಹೊಟ್ಟೆ ಸೀಳಬೇಕಾ ಅಕ್ಕೋರೆ?’ ಅಷ್ಟು ದಿನ ಅವನು ಬ ಭ, ದ ಧ ಎಲ್ಲವನ್ನೂ ಒಂದೇ ಥರ ಬರೆಯುತ್ತಿದ್ದ. ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ, ಅವನು ನೋಡುತ್ತಲೂ ಇರಲಿಲ್ಲ. ಅವತ್ತು ಅವನಿಗೆ ಆ ಮಾತು ಸರಿಯಾಗಿ ಬರೆಯಬೇಕಿತ್ತು. ಯಾಕೆಂದರೆ ಅದು ಅವನ ಮಾತು.

ಇದು ನನ್ನ ಸಮಜಾಯಿಷಿಯ ಮುಖ್ಯ ಭಾಗ. ಉಳಿದದ್ದು ವಾದ.

ಕೊಠಡಿಯ ಪಾಠ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಗೆ ಯಾರಾದರೂ ತಿಳಿದುಕೊಂಡರೆ ನನಗೆ ಬೇಜಾರು. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಹುಟ್ಟಿದ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ 2009-10ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಗೂ ಬಂದಾಗ ಗೊಣಗಿದವರಲ್ಲಿ ನಾನೂ ಒಬ್ಬಳು. ಕಾರ್ಡು, ತಟ್ಟೆ, ಏಣಿ, ಲೋಗೋ, ತಲೆ ಮೇಲೆ ಚಪ್ಪರ, ಇದೆಂಥ ಮದುವೆ ಮನೆ ಅಂದಿದ್ದೆ. ಆರು ತಿಂಗಳಲ್ಲಿ ಮನಸ್ಸು ಬದಲಾಯಿತು. ಇಬ್ಬರೇ ಶಿಕ್ಷಕಿಯರಿರುವ ಶಾಲೆಯಲ್ಲಿ ಮೂರು ಮೂರು ತರಗತಿ ಒಟ್ಟಿಗೆ ಕೂರಿಸಿ ಕಲಿಸಲು ಅದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಆದರೆ ಅದೇ ಕೊಠಡಿಯಲ್ಲಿ ಒಂದು ಹವಾಮಾನ ನಕ್ಷೆ ಇರುತ್ತದೆ. ದಿನಾ ಬೆಳಿಗ್ಗೆ ಮಕ್ಕಳು ಬಿಸಿಲೋ ಮೋಡವೋ ಮಳೆಯೋ ಅಂತ ತುಂಬಬೇಕು. ಒಂದು ಜುಲೈ ತಿಂಗಳು, ಹೆಂಚಿನ ಮೇಲೆ ಧೋ ಅಂತ ಹೊಡೆಯುತ್ತಿದೆ, ಮಾತು ಕೇಳಿಸುತ್ತಿಲ್ಲ. ಒಂದನೇ ತರಗತಿಯ ಪುಟ್ಟಿ ಹೋಗಿ ನಕ್ಷೆಯಲ್ಲಿ ಚೆಂದದ ಸೂರ್ಯ ಬರೆದಳು. ಯಾಕಮ್ಮಾ ಅಂದೆ. ‘ಮಳೆ ಬರೀಲಿಕ್ಕೆ ಬರೂದಿಲ್ಲ ಅಕ್ಕೋರೆ, ಸೂರ್ಯ ಬರ್ತದೆ’ ಅಂದಳು. ನಕ್ಕು ಸುಮ್ಮನಾದೆ. ಆಮೇಲೆ ನಮ್ಮ ಎಷ್ಟೋ ದಾಖಲೆಗಳು ಹೀಗೇ ತುಂಬಿದವಲ್ಲಾ ಅನಿಸಿತು. ಬರುವುದನ್ನು ಬರೆಯುತ್ತೇವೆ.

ಸಂಭ್ರಮ ಶನಿವಾರವನ್ನೇ ತೆಗೆದುಕೊಳ್ಳಿ. ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲದೆ ಮಕ್ಕಳು ಬರಬೇಕು. ಎಷ್ಟು ಒಳ್ಳೆಯ ಯೋಚನೆ! ಆದರೆ ಬಹಳ ಕಡೆ ಆಗಿದ್ದೇನು? ಬ್ಯಾಗ್ ಮನೆಯಲ್ಲಿ ಉಳಿಯಿತು, ಮಕ್ಕಳು ಕೊಠಡಿಯಲ್ಲೇ ಉಳಿದರು. ಡ್ರಾಯಿಂಗ್ ಶೀಟಿನಲ್ಲಿ ಮರ ಬರೆದು, ಕೆಳಗೆ ‘ಮರ ಉಳಿಸಿ’ ಅಂತ ಬರೆದು, ಎಲ್ಲರೂ ಅದನ್ನು ಎದೆಗೆ ಹಿಡಿದು ಸಾಲಾಗಿ ನಿಂತು ಫೋಟೊ. ಫೋಟೊ ಹತ್ತು ಗಂಟೆಯೊಳಗೆ ಗ್ರೂಪಿಗೆ ಹೋಗಬೇಕು. ಕಿಟಕಿಯಿಂದ ಆಚೆ ನಿಜವಾದ ಮರ ನೋಡುತ್ತಾ ನಿಂತಿರುತ್ತದೆ. ನಾನೂ ಇಂಥ ಫೋಟೊ ಕಳಿಸಿದ್ದೇನೆ, ಸುಳ್ಳು ಹೇಳಲಾರೆ.

ಮರದ ವಿಷಯ ಬಂತು. ಶಿರಸಿ ಕಡೆಯ ನನ್ನ ಮೊದಲ ಶಾಲೆಯ ಹಿಂದೆ ಸೊಪ್ಪಿನ ಬೆಟ್ಟ. ಹೊಸ ಅಕ್ಕೋರು, ಹುರುಪು ಜಾಸ್ತಿ. ಮಕ್ಕಳನ್ನು ಕರೆದುಕೊಂಡು ಹೋಗಿ ‘ಇದು ಮತ್ತಿ ಮರ’ ಅಂತ ಪಾಠ ಮಾಡಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕೋರಿಗೆ ತಪ್ಪು ಅಂತ ಹೇಳೋದು ಹೇಗೆ? ಕೊನೆಗೊಬ್ಬ ಕತ್ತಿಯ ತುದಿಯಿಂದ ತೊಗಟೆ ಸ್ವಲ್ಪ ಗೀಚಿದ. ಕೆಂಪಗೆ ರಸ ಜಿನುಗಿತು, ರಕ್ತದ ಹಾಗೆ. ‘ಮತ್ತಿ ಅಲ್ಲ ಅಕ್ಕೋರೆ, ಹೊನ್ನೆ. ಮತ್ತಿ ತೊಗಟೆ ಮೊಸಳೆ ಬೆನ್ನಿನ ಹಾಗೆ ಒಡೆದಿರ್ತದೆ, ಅಕಾ ಅಲ್ಲಿ.’ ಆ ದಿನ ಪಾಠ ಕಲಿತದ್ದು ನಾನು, ಕಾಲಿಗೆ ನಾಲ್ಕು ಉಂಬಳ ಹತ್ತಿಸಿಕೊಂಡು. ಮಕ್ಕಳಿಗೆ ಏನು ಸಿಕ್ಕಿತು ಅಂತ ಕೇಳಿದರೆ, ತಮಗೆ ಗೊತ್ತಿರುವುದೂ ಓದಿನ ಲೆಕ್ಕಕ್ಕೆ ಬರುತ್ತದೆ ಅನ್ನುವ ಧೈರ್ಯ. ಮರುದಿನದಿಂದ ಕೈ ಎತ್ತುವವರು ಜಾಸ್ತಿಯಾದರು.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತಲೇ ಯಾವ ಮರದ ಬೀಜ ಯಾವಾಗ ತೆಗೆಯಬೇಕು, ತಾಯಿಮರ ಯಾವುದು ಅಂತ ಕಲಿತವರು. ಪದ್ಮಶ್ರೀ ಪಡೆಯಲು ಬರಿಗಾಲಲ್ಲಿ ದಿಲ್ಲಿಗೆ ಹೋದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಶಾಲೆ ಶಾಲೆಯಲ್ಲಿ ಮೌನಾಚರಣೆ ಮಾಡಿದೆವು, ಭಾಷಣ ಮಾಡಿದೆವು. ಅವರ ಹಾಗೆ ಒಂದು ಬೀಜವನ್ನು ಕೈಯಲ್ಲಿ ಹಿಡಿದು ನೋಡಲು ಮಕ್ಕಳನ್ನು ಹೊರಗೆ ಬಿಡಲಿಲ್ಲ. ಕಾರವಾರದ ಠಾಗೋರರದ್ದೂ ಅದೇ ಕತೆ. ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ 1883ರಲ್ಲಿ ಬಂದು ಉಳಿದದ್ದು, ಇಲ್ಲಿ ಕೂತು ನಾಟಕ ಬರೆದದ್ದು ಎಲ್ಲವನ್ನೂ ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅವರು ಆಮೇಲೆ ಶಾಂತಿನಿಕೇತನದಲ್ಲಿ ಮರದ ಕೆಳಗೆ ಶಾಲೆ ನಡೆಸಿದರು ಅನ್ನೋದೂ ಭಾಷಣದಲ್ಲಿ ಬರುತ್ತದೆ. ಭಾಷಣ ನಡೆಯುವುದು ಮಾತ್ರ ಹಾಲ್‌ನಲ್ಲಿ, ಫ್ಯಾನ್ ಕೆಳಗೆ.

ಈಗ ಪಾಲಕರ ಮಾತಿಗೆ ಬರುತ್ತೇನೆ. ಇಲಾಖೆಗಿಂತ ಗಟ್ಟಿ ಪ್ರಶ್ನೆ ಕೇಳಿದವರು ಅವರು.

ಇಳಿತದ ಹೊತ್ತಿಗೆ ಹೊಳೆಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಆರಿಸಿ ಮಾರುವ ಒಬ್ಬ ತಾಯಿ ಒಂದು ಸಂಜೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿದರು. ‘ಅಕ್ಕೋರೆ, ನಾವು ಕೆಸರಲ್ಲಿ ನಿಂತದ್ದು ಸಾಕು. ಮಗಳನ್ನು ಶಾಲೆಗೆ ಕಳಿಸೂದು ಬೆಂಚಿನ ಮೇಲೆ ಕೂರ್ಲಿ ಅಂತ. ನೀವು ಮತ್ತೆ ಹೊಳೆ ದಡಕ್ಕೇ ತಂದು ಬಿಡ್ತೀರಿ. ಪ್ಯಾಟೆ ಶಾಲೆ ವ್ಯಾನಲ್ಲಿ ಹೋಗೂ ಮಕ್ಕಳಿಗೂ ಇದನ್ನೇ ಕಲಿಸ್ತಾರಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ. ಹೊರಗಿನ ಪಾಠ ಅಂತ ಹಾಡಿಹೊಗಳುವವರಲ್ಲಿ ಹೆಚ್ಚಿನವರ ಕಾಲು ಕೆಸರಿಗೆ ತಾಗಿದ್ದಿಲ್ಲ, ನನ್ನದೂ ಸೇರಿ. ಬಡವರ ಮಕ್ಕಳಿಗೆ ಗದ್ದೆ, ಉಳ್ಳವರ ಮಕ್ಕಳಿಗೆ ಕಂಪ್ಯೂಟರ್ ಅನ್ನುವ ಹಾಗಾದರೆ ಆ ತಾಯಿಯ ಜೊತೆ ನಾನೂ ನಿಲ್ಲುತ್ತೇನೆ.

ಆದರೂ ಒಂದು ಕೆಲಸ ಮಾಡಿದೆ. ಅವರನ್ನೇ ಒಂದು ಶನಿವಾರ ಶಾಲೆಗೆ ಕರೆದೆ. ಮೂರು ಸಲ ಕರೆದಮೇಲೆ ಬಂದರು. ಸೆರಗಿನಲ್ಲಿ ಕೈ ಒರೆಸುತ್ತಾ ಬಾಗಿಲಲ್ಲೇ ನಿಂತಿದ್ದರು, ಒಳಗೆ ಕೂರಿಸಲು ಮಗಳೇ ಕೈ ಎಳೆಯಬೇಕಾಯಿತು. ಸಣ್ಣ ಬಳಚನ್ನು ಯಾಕೆ ಮತ್ತೆ ನೀರಿಗೆ ಬಿಡಬೇಕು, ಯಾವ ಜಾಗದ ಕೆಸರು ಕಾಲು ಎಳೆಯುತ್ತದೆ ಅಂತ ಹೇಳಿದರು. ಆಮೇಲೆ ಐದನೇ ತರಗತಿಯವರು ದರ ಕೇಳಿದರು. ನೂರಕ್ಕೆ ಇಷ್ಟು ಅಂತ ಕೊಟ್ಟರೆ ಮುನ್ನೂರೈವತ್ತಕ್ಕೆ ಎಷ್ಟು, ವ್ಯಾಪಾರಿ ಪೇಟೆಯಲ್ಲಿ ಎಷ್ಟಕ್ಕೆ ಮಾರುತ್ತಾನೆ, ನಡುವೆ ಉಳಿಯುವುದು ಎಷ್ಟು. ನಾನು ಬೋರ್ಡ್ ಮೇಲೆ ಗುಣಿಸುತ್ತಿದ್ದಾಗಲೇ ಅವರು ಬಾಯಲ್ಲಿ ಹೇಳಿಬಿಟ್ಟರು. ನನ್ನ ಉತ್ತರ ಬೇರೆ ಬಂತು. ತಪ್ಪು ನನ್ನದೇ, ಒಂದು ಸೊನ್ನೆ ಬಿಟ್ಟಿದ್ದೆ. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಆ ತಾಯಿ ಮಗಳನ್ನು ಕಟ್ಟೆಗೆ ಕಳಿಸಲು ಬೇಡ ಅನ್ನಲಿಲ್ಲ. ‘ಬರೆಸಿ ಮಾತ್ರ ಬರೆಸಿ’ ಅಂದರು. ಅದು ನ್ಯಾಯವಾದ ಷರತ್ತು. ಹೊರಗೆ ನೋಡಿದ್ದು ಒಳಗೆ ಬಂದು ಅಕ್ಷರ, ಅಂಕಿ ಆಗದಿದ್ದರೆ ಅದು ಸುಮ್ನೆ ತಿರುಗಾಟ.

ಇನ್ನು ಭಯ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಸಮುದ್ರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುಳುಗಿ ಹೋದರು. ಆ ವಾರ ನಮ್ಮಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಅದಾದಮೇಲೆ ‘ಮಕ್ಕಳನ್ನು ಕಾಂಪೌಂಡ್ ದಾಟಿಸಬೇಡಿ’ ಅನ್ನುವ ಬಾಯಿಮಾತು ನನ್ನ ಕಿವಿಗೂ ಬಿತ್ತು. ಹಾಗೆ ಹೇಳಿದವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನೂರಾರು ಕಿಲೋಮೀಟರ್ ದೂರದಿಂದ ಬಂದು ಅಲೆ ನೋಡುವ ಪ್ರವಾಸ ಬೇರೆ, ಇನ್ನೂರು ಹೆಜ್ಜೆ ನಡೆದು ಕಟ್ಟೆ ಮೇಲೆ ಕೂರುವ ಪಾಠ ಬೇರೆ. ನಮ್ಮ ಮಕ್ಕಳು ಶಾಲೆ ಬಿಟ್ಟಮೇಲೆ ಅದೇ ನೀರಿನ ಪಕ್ಕ ಮನೆಗೆ ಹೋಗುತ್ತಾರೆ. ಬೇಸಿಗೆ ರಜೆಯಲ್ಲಿ ಹೊಳೆಗಿಳಿದು ಮಕ್ಕಳು ಮುಳುಗಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ನೀರಿನ ಸ್ವಭಾವವನ್ನು ದೊಡ್ಡವರ ಜೊತೆ ನಿಂತು ಕಲಿಯದೆ ಇನ್ನೆಲ್ಲಿ ಕಲಿಯಬೇಕು?

ನನ್ನ ಕೈಯಲ್ಲೂ ಒಂದು ಸಲ ತಪ್ಪಾಗಿದೆ. ಬೇಸಿಗೆ ರಜೆಗೆ ಮುಂಚೆ ಗುಡ್ಡಕ್ಕೆ ಹೋಗಿ ವಾಪಸ್ ಬಂದು ಎಣಿಸಿದರೆ ಹದಿನೆಂಟೇ ತಲೆ. ಓಡಿದೆ. ಒಬ್ಬ ಹಿಂದೆ ಉಳಿದು ಗೇರುಹಣ್ಣು ಚೀಪುತ್ತಾ ಕೂತಿದ್ದ, ಅಂಗಿ ತುಂಬಾ ಕಲೆ. ಐದು ನಿಮಿಷ ಅಷ್ಟೇ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಜೋಡಿ ಮಾಡಿದೆ. ಜೋಡಿ ಬಿಟ್ಟು ಒಂದು ಹೆಜ್ಜೆ ಇಲ್ಲ, ಜೊತೆಗೆ ಇನ್ನೊಬ್ಬ ದೊಡ್ಡವರಿಲ್ಲದೆ ಹೊರಡುವುದಿಲ್ಲ, ಕಟ್ಟೆ ಮೇಲೆ ಸುಣ್ಣದ ಗೆರೆ, ಅದರಾಚೆ ಕಾಲಿಡುವ ಹಾಗಿಲ್ಲ. ಹೆದ್ದಾರಿ ದಾಟಿ ಹೋಗುವ ಜಾಗ ಎಷ್ಟೇ ಚೆಂದ ಇದ್ದರೂ ಬೇಡ.

ಅಂಗಳ ದಾಟದೆಯೂ ಆಗುತ್ತದೆ, ಅದನ್ನೂ ಹೇಳಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಮಕ್ಕಳು ದಿನಾ ಕೇಳುತ್ತಿದ್ದದ್ದು ಒಂದೇ, ಗುಡ್ಡ ಯಾಕೆ ಬಿತ್ತು? ಮಣ್ಣಿನ ಪಾಠ ಓದಿಸಿದರೆ ಸಮಾಧಾನ ಆಗಲಿಲ್ಲ. ಮಳೆ ಬಿಟ್ಟ ಒಂದು ಹೊತ್ತಿಗೆ ಅಂಗಳದಲ್ಲಿ ಕೆಮ್ಮಣ್ಣಿನ ಎರಡು ಗುಪ್ಪೆ ಮಾಡಿದೆವು. ಒಂದನ್ನು ಹಾಗೇ ಇಳಿಜಾರು ಬಿಟ್ಟು ಮೇಲೆ ಹುಲ್ಲಿನ ಹೆಂಟೆ ಇಟ್ಟೆವು. ಇನ್ನೊಂದರ ಬುಡವನ್ನು ತೆಂಗಿನ ಕರಟದಿಂದ ನೆಟ್ಟಗೆ ಕಡಿದೆವು, ರಸ್ತೆಗೆ ಕಡಿದ ಹಾಗೆ. ಎರಡಕ್ಕೂ ಚೊಂಬಿನಿಂದ ನೀರು. ಮೂರನೇ ಚೊಂಬಿಗೆ ಕಡಿದ ಗುಪ್ಪೆಯಲ್ಲಿ ಮೇಲುಗಡೆ ಒಂದು ಸಣ್ಣ ಬಿರುಕು ಕಂಡಿತು. ‘ಬಿರುಕು, ಬಿರುಕು’ ಅಂತ ಕೂಗಿದರು. ನಾಲ್ಕನೆಯದಕ್ಕೆ ಮುಖ ಪೂರ್ತಿ ಜಾರಿತು. ಹುಲ್ಲಿನ ಗುಪ್ಪೆಯ ನೀರು ಬದಿಯಿಂದ ಇಳಿದು ಹೋಯಿತು. ನಿಜವಾದ ಗುಡ್ಡ ಕುಸಿಯಲು ಇನ್ನೂ ಹತ್ತು ಕಾರಣ ಇರುತ್ತವೆ, ಅದನ್ನೂ ಹೇಳಿದೆ. ಆದರೆ ಮರುದಿನ ಮೂರು ಮಕ್ಕಳು ತಮ್ಮ ಮನೆ ಹಿಂದಿನ ಧರೆಯಲ್ಲಿ ಬಿರುಕು ಇದೆಯಾ ಅಂತ ನೋಡಿ ಬಂದಿದ್ದರು. ಒಬ್ಬಳು ಅಪ್ಪನನ್ನೂ ಕರೆದುಕೊಂಡು ಹೋಗಿ ತೋರಿಸಿದ್ದಳು.

ಹಾಗಾದರೆ ನಾನು ಕೇಳುವುದು ಏನು? ದುಡ್ಡು ಕೇಳುತ್ತಿಲ್ಲ. ಹೊಸ ಯೋಜನೆ ಖಂಡಿತಾ ಬೇಡ, ಅದಕ್ಕೊಂದು ಹೆಸರು, ಅದಕ್ಕೊಂದು ತರಬೇತಿ, ಅದಕ್ಕೊಂದು ಆ್ಯಪ್ ಬರುತ್ತದೆ. ಒಂದು ಸುತ್ತೋಲೆ ಸಾಕು. ನಡೆದು ಹೋಗುವ ದೂರದಲ್ಲಿ, ಶಾಲಾ ಅವಧಿಯಲ್ಲಿ, ಇಬ್ಬರು ದೊಡ್ಡವರ ಜೊತೆ ಮಕ್ಕಳು ಹೊರಗೆ ಕಲಿತರೆ ಅದೂ ತರಗತಿಯೇ ಅಂತ ಬರೆದುಕೊಡಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಅಂತ ಇದೆ. ಆ 800 ಗಂಟೆಯನ್ನೂ ಗೋಡೆಯೊಳಗೇ ಕಳೆಯಬೇಕು ಅಂತ ಎಲ್ಲೂ ಇಲ್ಲ.

ಈಗ ಅಕ್ಕೋರಿಗೆ ಕಟ್ಟೆಗೆ ಹೋಗಬೇಕಾದರೆ ಪ್ರತಿ ಸಲ ಎಸ್‌ಡಿಎಂಸಿ (ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿ) ಠರಾವು, ಪಾಲಕರ ಒಪ್ಪಿಗೆ, ಮೇಲಿನ ಕಚೇರಿಗೊಂದು ಪತ್ರ. ಅಷ್ಟರಲ್ಲಿ ಭರತ ಇಳಿದಿರುತ್ತದೆ. ಜೂನ್‌ನಲ್ಲಿ ಒಂದೇ ಸಲ ಎಸ್‌ಡಿಎಂಸಿ ಸಭೆಯಲ್ಲಿ ಕೂತು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಅಂತ ಪಾಲಕರೇ ಬರೆದು ಸಹಿ ಹಾಕಲಿ. ಯಾವ ಬಾವಿಗೆ ಕಟ್ಟೆ ಇಲ್ಲ, ಯಾವ ಮನೆಯ ನಾಯಿ ಕಚ್ಚುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು. ಫೋಟೊ ಕೇಳಬೇಡಿ. ಶಾಲೆ ನೋಡಲು ಬರುವ ಇಲಾಖೆಯ ಸಿಆರ್‌ಪಿ ಬಂದಾಗ ಮಕ್ಕಳ ನೋಟ್‌ಬುಕ್ ತೆರೆದು, ಹೊರಗೆ ನೋಡಿದ್ದನ್ನು ಬರೆದಿದ್ದಾರಾ ಅಂತ ನೋಡಲಿ. ಮಳೆಗಾಲದಲ್ಲಿ ನೇರ ಬದಿಯ ಒಂದು ಡಬ್ಬಿ ಅಂಗಳದಲ್ಲಿಟ್ಟು, ಬಿದ್ದ ಮಳೆಯನ್ನು ಸ್ಕೇಲಿನಲ್ಲಿ ಅಳೆದು, ಪೇಪರಿನಲ್ಲಿ ಬರುವ ತಾಲೂಕಿನ ಮಳೆ ಲೆಕ್ಕದ ಜೊತೆ ಹೋಲಿಸಿದರೆ ಮಿಲಿಮೀಟರ್ ಪಾಠ ಮುಗಿದ ಹಾಗೇ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಕರಾವಳಿಯ ಮಕ್ಕಳು ಮಿಲಿಮೀಟರ್ ಅಂದರೆ ಸ್ಕೇಲಿನ ಸಣ್ಣ ಗೆರೆ ಅಂತ ಮಾತ್ರ ತಿಳಿದರೆ ಹೇಗೆ?

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಳಿವೆ ನೋಡಲು ದೂರದೂರದಿಂದ ಬರುತ್ತಾರೆ. ದಡದ ಶಾಲೆಯ ಮಕ್ಕಳು ಪಾಠದ ಹೊತ್ತಲ್ಲಿ ನೋಡಿದರೆ ನೋಟಿಸ್.

ನಮ್ಮ ಆ ಬಿದಿರು ಗಳ ಶಾಲೆಯ ಅಡುಗೆ ಕೋಣೆಯ ಹಿಂದೆ ಇನ್ನೂ ಇದೆ. ನೀಲಿ ಗೆರೆ ಅರ್ಧ ಅಳಿಸಿದೆ. ನನ್ನ ಜಾಗಕ್ಕೆ ಬಂದ ಅಕ್ಕೋರು ಮೊನ್ನೆ ಫೋನ್ ಮಾಡಿದ್ದರು. ‘ಮೇಡಂ, ಮಕ್ಕಳು ಅದನ್ನು ನೆಡುವಾ ನೆಡುವಾ ಅಂತ ಹಠ ಮಾಡ್ತಾರೆ. ನೆಟ್ರೆ ನನಗೂ ನೋಟಿಸ್ ಬರ್ತದಾ?’ ಅಂತ ಕೇಳಿದರು. ಕೇಳಿ ಹೇಳುತ್ತೇನೆ ಅಂದಿದ್ದೇನೆ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಉತ್ತರಕ್ಕೆ ಮೂರು ದಿನದ ಗಡುವು ಹಾಕುವುದಿಲ್ಲ. ಶಾಲೆ ಶುರುವಾಗುವುದರೊಳಗೆ ಬಂದರೆ ಸಾಕು.

ಇಂತಿ,
ಒಬ್ಬ ನಿವೃತ್ತ ಅಕ್ಕೋರು
ಕುಮಟಾ ತಾಲೂಕು